ಹೆಸರು ನಮ್ಮದು, ಜುಟ್ಟು ಮಾರಿದವರ ಕೈಯಲ್ಲಿ

ಸಂಪಾದಕರಿಗೆ,

ಮಾನ್ಯರೇ,

‘ಡಾಟ್ ಕಾಮ್ ಹೆಸರು ಬರೀ 99 ರೂಪಾಯಿಗೆ’ ಎಂಬ ಜಾಹೀರಾತು ಮೊಬೈಲ್ ತೆರೆದರೆ ಸಾಕು, ಎದುರು ಬಂದು ನಿಲ್ಲುತ್ತದೆ. ಕೊಡಗಿನ ಹೋಂಸ್ಟೇ, ಇಳಕಲ್ಲಿನ ಸೀರೆ ಅಂಗಡಿ, ತಾಲ್ಲೂಕು ಕೇಂದ್ರದ ಶಾಲೆ ಎಲ್ಲರಿಗೂ ಈಗ ಸ್ವಂತ ಜಾಲತಾಣ ಬೇಕು. ಅದಕ್ಕೆ ಮೊದಲು ಬೇಕಾದದ್ದು ಡೊಮೈನ್, ಅಂದರೆ ಜಾಲದಲ್ಲಿನ ವಿಳಾಸ. ಈ ವಿಳಾಸ ಮಾರುವ ಕಂಪನಿಗಳಿಗೆ ರಿಜಿಸ್ಟ್ರಾರ್ ಎನ್ನುತ್ತಾರೆ. ಹೆಸರು ಕೇಳಿದರೆ ಸಬ್ ರಿಜಿಸ್ಟ್ರಾರ್ ಕಚೇರಿಯಂಥ ಸರ್ಕಾರಿ ವ್ಯವಸ್ಥೆ ಅನ್ನಿಸಬಹುದು. ಹಾಗೇನೂ ಇಲ್ಲ, ಇವರು ಶುದ್ಧ ಚಿಲ್ಲರೆ ವ್ಯಾಪಾರಿಗಳು.

ಸಗಟು ವ್ಯಾಪಾರಿ ಬೇರೆ. ಡಾಟ್ ಕಾಮ್ ಹೆಸರುಗಳ ಮೂಲ ದಾಖಲೆ ಇರುವುದು ಅಮೆರಿಕದ ವೆರಿಸೈನ್ ಕಂಪನಿಯಲ್ಲಿ. ಒಂದು ಹೆಸರಿಗೆ ಒಂದು ವರ್ಷಕ್ಕೆ ಅದು ಪ್ರತಿ ರಿಜಿಸ್ಟ್ರಾರ್‌ನಿಂದ ಪಡೆಯುತ್ತಿದ್ದದ್ದು 2021ರವರೆಗೆ 7.85 ಡಾಲರ್, 2024ರ ಸೆಪ್ಟೆಂಬರ್‌ನಿಂದ 10.26 ಡಾಲರ್. ಇದರ ಮೇಲೆ ನಿಯಂತ್ರಣ ಸಂಸ್ಥೆಯಾದ ಐಕ್ಯಾನ್‌ಗೆ 20 ಸೆಂಟ್. ಡಾಲರಿಗೆ 90 ರೂಪಾಯಿ ಹಿಡಿದರೆ ಸುಮಾರು 940 ರೂಪಾಯಿ ಆಯಿತು. 940ಕ್ಕೆ ಕೊಂಡ ಸರಕನ್ನು 99ಕ್ಕೆ ಮಾರುವವನು ದಾನಿಯಲ್ಲ. ಆ 841 ರೂಪಾಯಿಯನ್ನು ಎರಡನೇ ವರ್ಷದಿಂದ ವಸೂಲು ಮಾಡುವ ಭರವಸೆ ಅವನಿಗಿದೆ. ಅಷ್ಟರಲ್ಲಿ ಗಿರಾಕಿ ಅಂಗಡಿಯ ಬೋರ್ಡು, ವಿಸಿಟಿಂಗ್ ಕಾರ್ಡು, ಬಿಲ್ ಪುಸ್ತಕ ಎಲ್ಲದರ ಮೇಲೂ ಆ ವಿಳಾಸ ಅಚ್ಚು ಹಾಕಿಸಿರುತ್ತಾನೆ. ಆಮೇಲೆ ನವೀಕರಣಕ್ಕೆ ಸಾವಿರದೈನೂರು ಕೇಳಿದರೂ ಕೊಡಲೇಬೇಕು.

ಕಡಿಮೆ ದರದ ಕೊಡುಗೆ ತಪ್ಪಲ್ಲ. ಎರಡನೇ ವರ್ಷದ ದರವನ್ನು ಬೂದು ಬಣ್ಣದ ಇರುವೆ ಅಕ್ಷರದಲ್ಲಿ ಅಡಗಿಸುವುದು ತಪ್ಪು. 99 ರೂಪಾಯಿ ಸಿಗಬೇಕಾದರೆ ಮೂರು ವರ್ಷಕ್ಕೆ ಒಟ್ಟಿಗೆ ಕೊಳ್ಳಬೇಕು ಎಂಬ ಷರತ್ತು ಹಣ ಕಟ್ಟುವ ಪುಟದಲ್ಲಿ ಮಾತ್ರ ಕಾಣಿಸಿಕೊಳ್ಳುವುದೂ ತಪ್ಪೇ. ಆ ಪುಟ ತಲುಪುವ ಹೊತ್ತಿಗೆ ಬುಟ್ಟಿಯಲ್ಲಿ ಕೇಳದ ಸಾಮಾನೂ ಬಿದ್ದಿರುತ್ತದೆ: ‘ಡೊಮೈನ್ ಪ್ರೊಟೆಕ್ಷನ್’, ಒಂದು ತಿಂಗಳು ಉಚಿತವಾದ ಇಮೇಲ್, ಜಾಲತಾಣಕ್ಕೂ ನೋಡುಗರಿಗೂ ನಡುವೆ ಸಾಗುವ ಮಾಹಿತಿಯನ್ನು ಗುಟ್ಟಾಗಿಡುವ ಎಸ್‌ಎಸ್‌ಎಲ್ ಪ್ರಮಾಣಪತ್ರ. ಸಾಮಾನ್ಯ ಜಾಲತಾಣಕ್ಕೆ ಬೇಕಾಗುವ ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರ ಕೊನೆಯಿಂದ ಎಲ್ಲರಿಗೂ ಪುಕ್ಕಟೆ ಕೊಡುತ್ತಿದೆ. ಮಾಲೀಕರ ಹೆಸರು, ಫೋನ್ ನಂಬರ್ ಮರೆಮಾಡಲು ಕೆಲವರು ವರ್ಷಕ್ಕೆ ಇಂತಿಷ್ಟು ಎಂದು ವಸೂಲು ಮಾಡುತ್ತಾರೆ. 2018ರ ಮೇ ತಿಂಗಳಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಯಾದಾಗಿನಿಂದ ಡಾಟ್ ಕಾಮ್‌ನಂಥ ಹೆಸರುಗಳ ಸಾರ್ವಜನಿಕ ದಾಖಲೆಯಲ್ಲಿ ಈ ವಿವರಗಳನ್ನು ಬಹುತೇಕ ರಿಜಿಸ್ಟ್ರಾರ್‌ಗಳು ತಾವಾಗಿಯೇ ಮುಚ್ಚುತ್ತಾರೆ. ಮುಚ್ಚಿದ್ದಕ್ಕೇ ಮತ್ತೆ ಪರದೆ ಹಾಕಿ ಬಾಡಿಗೆ ಕೇಳಿದಂತಾಯಿತು.

ಇಷ್ಟೆಲ್ಲ ಜೇಬಿಗೆ ಕತ್ತರಿ, ಅಷ್ಟೇ. ಹೆಸರೇ ಕೈತಪ್ಪುವ ಅಪಾಯ ಇರುವುದು ಅವಧಿ ಮುಗಿದ ಮೇಲೆ. ಇಲ್ಲಿನ ಲೆಕ್ಕವನ್ನು ಗ್ರಾಹಕರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ದಿನವೇ ವೆರಿಸೈನ್ ಅದನ್ನು ತಾನಾಗಿ ಒಂದು ವರ್ಷ ಮುಂದೂಡಿ, ರಿಜಿಸ್ಟ್ರಾರ್ ಖಾತೆಯಿಂದ ಸಗಟು ದರ ಕಳೆದುಕೊಳ್ಳುತ್ತದೆ. 45 ದಿನದೊಳಗೆ ರಿಜಿಸ್ಟ್ರಾರ್ ಆ ಹೆಸರನ್ನು ಅಳಿಸಿದರೆ ಹಣ ಪೂರ್ತಿ ವಾಪಸ್. ಅಂದರೆ ಈ 45 ದಿನ ಹೆಸರನ್ನು ಹಿಡಿದಿಟ್ಟುಕೊಳ್ಳಲು ರಿಜಿಸ್ಟ್ರಾರ್‌ಗೆ ಕೊನೆಗೆ ಬೀಳುವ ಖರ್ಚು ಸೊನ್ನೆ. ಅಳಿಸಿದ ಮೇಲೆ 30 ದಿನ ‘ರಿಡೆಂಪ್ಶನ್’ ಅವಧಿ. ಆಗ ಬಿಡಿಸಿಕೊಳ್ಳಲು ವೆರಿಸೈನ್ 40 ಡಾಲರ್ ದಂಡ ಹಾಕುತ್ತದೆ, ರಿಜಿಸ್ಟ್ರಾರ್ ತನ್ನ ಪಾಲನ್ನೂ ಸೇರಿಸಿ ಬಿಲ್ ಮಾಡುತ್ತಾನೆ. ನಂತರದ 5 ದಿನ ಯಾರೂ ಏನೂ ಮಾಡುವಂತಿಲ್ಲ. ಆಮೇಲೆ ಹೆಸರು ಸಂತೆಗೆ ಬಿತ್ತು.

ಕೆಲವರು ಮಾಡುವ ಕೈಚಳಕ ಹೀಗಿದೆ. ಹೆಸರು ಇನ್ನೂ 45 ದಿನದ ಒಳಗೇ ಇರುತ್ತದೆ, ವೆರಿಸೈನ್ ಒಂದು ಪೈಸೆ ದಂಡವನ್ನೂ ಹಾಕಿರುವುದಿಲ್ಲ. ಆದರೂ ಇಪ್ಪತ್ತು, ಮೂವತ್ತನೇ ದಿನಕ್ಕೇ ‘ರಿಡೆಂಪ್ಶನ್ ಶುಲ್ಕ’ ಎಂದು ಸಾವಿರಾರು ರೂಪಾಯಿ ಕೇಳುತ್ತಾರೆ. ಇದನ್ನು ಯಾರು ಬೇಕಾದರೂ ಪತ್ತೆ ಹಚ್ಚಬಹುದು. ಐಕ್ಯಾನ್‌ನ ಲುಕ್‌ಅಪ್ ಪುಟದಲ್ಲಿ ನಿಮ್ಮ ಡೊಮೈನ್ ಹೆಸರು ಹಾಕಿ ಸ್ಟೇಟಸ್ ಸಾಲು ನೋಡಿ. ಅಲ್ಲಿ ‘ಆಟೋ ರಿನ್ಯೂ ಪೀರಿಯಡ್’ ಎಂದಿದ್ದರೆ ಹೆಸರು ರಿಡೆಂಪ್ಶನ್‌ಗೆ ಹೋಗಿಯೇ ಇಲ್ಲ. ‘ರಿಡೆಂಪ್ಶನ್ ಪೀರಿಯಡ್’ ಎಂದಿದ್ದರೆ ಮಾತ್ರ ಆ ದಂಡಕ್ಕೆ ಆಧಾರವಿದೆ. ಪುಟದ ಚಿತ್ರ ತೆಗೆದು ಶುಲ್ಕಕ್ಕೆ ಲಿಖಿತ ಕಾರಣ ಕೇಳಿ. ಇದೇ ಪುಟದಲ್ಲಿ ಇನ್ನೊಂದು ಮೋಸದ ಗುಂಡಿಯೂ ಇದೆ. ತಾನಾಗಿ ಮುಂದೂಡಿದ್ದರಿಂದ ಅವಧಿ ಮುಗಿಯುವ ದಿನಾಂಕ ಒಂದು ವರ್ಷ ಮುಂದಕ್ಕೆ ಕಾಣಿಸುತ್ತದೆ. ಅದನ್ನು ನೋಡಿ ‘ಅಬ್ಬ, ನವೀಕರಣ ಆಗಿದೆ’ ಎಂದು ನಿಶ್ಚಿಂತೆಯಾಗಿ ಕೂತವರು ಹೆಸರು ಕಳೆದುಕೊಳ್ಳುತ್ತಾರೆ. ನೀವು ಹಣ ಕಟ್ಟಿದ ರಸೀದಿಯೇ ಪ್ರಮಾಣ, ಆ ದಿನಾಂಕವಲ್ಲ.

ಇನ್ನು ಹರಾಜು. ಒಳ್ಳೆಯ ಹೆಸರಾದರೆ ಅದನ್ನು ಅಳಿಸುವವರೆಗೂ ಕಾಯುವುದಿಲ್ಲ. 45 ದಿನದ ಒಳಗೇ ತಮ್ಮದೇ ಹರಾಜು ಕಟ್ಟೆಗೋ ಪಾಲುದಾರರ ಕಟ್ಟೆಗೋ ಏರಿಸುತ್ತಾರೆ. ಹೀಗೆ ಮಾರಾಟವಾದ ಹೆಸರಿಗೆ 30 ದಿನದ ರಿಡೆಂಪ್ಶನ್ ಹಕ್ಕು ಸಿಗುವುದೇ ಇಲ್ಲ, ಏಕೆಂದರೆ ಅದು ಅಳಿದೇ ಇಲ್ಲ. ಖಾತೆಯಿಂದ ಖಾತೆಗೆ ಬದಲಾಗಿದೆ, ಅಷ್ಟೆ. ಇದಕ್ಕೆ ಒಪ್ಪಿಗೆಯನ್ನು ನಾವೇ ಕೊಟ್ಟಿರುತ್ತೇವೆ, ಖರೀದಿಯ ದಿನ ಓದದೆ ಒತ್ತಿದ ‘ಐ ಅಗ್ರೀ’ಯಲ್ಲಿ. ನವೀಕರಿಸುವಂತೆ ನೆನಪಿಸಬೇಕಾದವನಿಗೇ ನಾವು ಮರೆತರೆ ಹೆಚ್ಚು ಲಾಭ ಎಂಬಂಥ ವ್ಯವಸ್ಥೆಯಿದು.

ನಿಯಮದ ಪ್ರಕಾರ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು, ಸುಮಾರು ಒಂದು ವಾರ ಮೊದಲು, ಮತ್ತು ಮುಗಿದ 5 ದಿನದೊಳಗೆ, ಹೀಗೆ ಮೂರು ನೋಟಿಸ್ ಬರಬೇಕು. ಬರುತ್ತವೆ ಕೂಡ, ಎಲ್ಲಿಗೆ ಎಂಬುದೇ ಪ್ರಶ್ನೆ. ಬಹಳ ಮಂದಿ ಅದೇ ಡೊಮೈನ್‌ನ ಇಮೇಲ್ ವಿಳಾಸವನ್ನೇ ಖಾತೆಗೆ ಕೊಟ್ಟಿರುತ್ತಾರೆ. ಅವಧಿ ಮುಗಿದು ಹೆಸರು ನಿಂತಾಗ ಇಮೇಲೂ ನಿಲ್ಲುತ್ತದೆ, ಕೊನೆಯ ಎಚ್ಚರಿಕೆ ಗಾಳಿಗೆ ಹೋಗುತ್ತದೆ. ಖಾತೆಗೆ ಬೇರೆಯದೇ ಇಮೇಲ್ ಇರಲಿ. ಖಾತೆಯಲ್ಲಿ ‘ಆಟೋ ರಿನ್ಯೂ’, ಅಂದರೆ ಕಾರ್ಡಿನಿಂದ ತಾನಾಗಿ ಹಣ ಪಡೆದು ನವೀಕರಿಸುವ ಆಯ್ಕೆ, ಒತ್ತಿಟ್ಟು ನಿದ್ದೆ ಮಾಡುವುದೂ ಬೇಡ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬಂದ ಮೇಲೆ, ಅದಕ್ಕೆ ಹೊಂದಿಕೊಳ್ಳದ ವಿದೇಶಿ ಕಂಪನಿಗಳು ಕಾರ್ಡಿನಿಂದ ತಾನಾಗಿ ಹಣ ಕಡಿಯಲು ಹೋದರೆ ಬ್ಯಾಂಕು ತಿರಸ್ಕರಿಸುತ್ತದೆ. ಒಂದು ತಿಂಗಳು ಮೊದಲೇ ಕೈಯಾರೆ ಕಟ್ಟುವುದು ಲೇಸು.

ದರ ಹೆಚ್ಚಾಯಿತೆಂದು ಬೇರೆ ಕಂಪನಿಗೆ ಹೋಗುವ ಹಕ್ಕು ಗ್ರಾಹಕರಿಗಿದೆ. ಮೊಬೈಲ್ ನಂಬರ್ ಪೋರ್ಟ್ ಮಾಡಿದಂತೆಯೇ ಇದು. ಆದರೆ ದಾರಿಯಲ್ಲಿ ಕಲ್ಲು ಇಡುತ್ತಾರೆ. ಕ್ರಮ ಹೀಗಿರಲಿ: ಅವಧಿ ಮುಗಿಯಲು ಕನಿಷ್ಠ ಒಂದು ತಿಂಗಳು ಇರುವಾಗಲೇ ಶುರು ಮಾಡಿ. ನಿಮ್ಮ ಹೆಸರಿನ ಜಾಲತಾಣ, ಇಮೇಲ್ ಎಲ್ಲಿವೆ ಎಂದು ಜಾಲಕ್ಕೆ ದಾರಿ ತೋರಿಸುವ ವ್ಯವಸ್ಥೆ ಡಿಎನ್‌ಎಸ್; ಹಳೆಯ ಖಾತೆಯ ಡಿಎನ್‌ಎಸ್ ಪುಟದಲ್ಲಿರುವ ಎ, ಎಂಎಕ್ಸ್, ಟಿಎಕ್ಸ್‌ಟಿ ಎಂಬ ದಾಖಲೆಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಹಳೆಯವರ ಡಿಎನ್‌ಎಸ್ ನಿಂತರೆ ಜಾಲತಾಣ, ಇಮೇಲ್ ಎರಡೂ ಮಲಗುತ್ತವೆ. ಆಮೇಲೆ ಡೊಮೈನ್ ಲಾಕ್ ತೆಗೆದು ವರ್ಗಾವಣೆ ಕೋಡ್ ಪಡೆಯಿರಿ. ಖಾತೆಯಲ್ಲೇ ಕೋಡ್ ಸಿಗದಿದ್ದರೆ, ಕೇಳಿದ 5 ದಿನದೊಳಗೆ ಕೊಡುವುದು ರಿಜಿಸ್ಟ್ರಾರ್‌ನ ಕರ್ತವ್ಯ. ಹೊಸ ಕಂಪನಿಯಲ್ಲಿ ಕೋಡ್ ಹಾಕಿ ಒಂದು ವರ್ಷದ ಹಣ ಕಟ್ಟಿದರೆ, ಹಳೆಯವರು ಸುಮ್ಮನಿದ್ದರೂ 5 ದಿನದಲ್ಲಿ ಕೆಲಸ ಆಗುತ್ತದೆ. ಉಳಿದ ಅವಧಿ ಎಲ್ಲೂ ಹೋಗುವುದಿಲ್ಲ, ಅದಕ್ಕೆ ಒಂದು ವರ್ಷ ಕೂಡುತ್ತದೆ.

ಕಲ್ಲು ಎಡವುವುದು ಇಲ್ಲಿ: ವರ್ಗಾವಣೆಗೆ ಮೊದಲು ‘ಎಲ್ಲ ಸರಿಯಾಗಿರಲಿ’ ಎಂದು ಖಾತೆಯಲ್ಲಿ ಮಾಲೀಕರ ಹೆಸರು, ಸಂಸ್ಥೆ ಅಥವಾ ಇಮೇಲ್ ತಿದ್ದಿದರೆ 60 ದಿನ ಬೀಗ ಬೀಳುತ್ತದೆ. 2016ರ ಡಿಸೆಂಬರ್‌ನಿಂದ ಬಂದ ನಿಯಮವಿದು, ಕಳ್ಳತನ ತಡೆಯಲೆಂದೇ ಮಾಡಿದ್ದು. ತಿದ್ದುವ ಮೊದಲು ಈ ಬೀಗ ಬೇಡ ಎನ್ನುವ ಆಯ್ಕೆ ಕೊಡಲು ನಿಯಮದಲ್ಲಿ ಅವಕಾಶವಿದೆ, ಅದನ್ನು ಕೊಡದವರು ಅಥವಾ ಪುಟದ ಮೂಲೆಗೆ ತಳ್ಳಿದವರು ಬೇಕಾದಷ್ಟು. ಹಾಗಾಗಿ ಮೊದಲು ವರ್ಗಾವಣೆ, ತಿದ್ದುಪಡಿ ಆಮೇಲೆ. ‘ಮುಂದಿನ ವರ್ಷದ ನವೀಕರಣ ಕಟ್ಟಿ, ಆಮೇಲೆ ಬಿಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಅದು ನಿಯಮಕ್ಕೆ ವಿರುದ್ಧ. ಇನ್ನೊಂದು ಸೂಕ್ಷ್ಮ: ಅವಧಿ ಮುಗಿದ ಮೇಲೆ ಹಳೆಯವರಲ್ಲಿ ನವೀಕರಿಸಿ, 45 ದಿನದೊಳಗೆ ವರ್ಗಾಯಿಸಿದರೆ ಆ ನವೀಕರಣದ ವರ್ಷ ಲೆಕ್ಕಕ್ಕೆ ಬರುವುದಿಲ್ಲ. ವೆರಿಸೈನ್ ಆ ಹಣವನ್ನು ಹಳೆಯ ರಿಜಿಸ್ಟ್ರಾರ್‌ಗೆ ಮರಳಿಸುತ್ತದೆ, ಗ್ರಾಹಕರಿಗೆ ಮರಳುವುದು ಅಪರೂಪ.

ಸಗಟು ದರಕ್ಕೇ ಮಾರುವ ಕ್ಲೌಡ್‌ಫ್ಲೇರ್‌ನಂಥ ಕಂಪನಿಯೂ ಇದೆ. ಅಲ್ಲಿ ಅವರದೇ ಡಿಎನ್‌ಎಸ್ ಬಳಸಬೇಕೆಂಬ ಷರತ್ತಿದೆ ಎಂಬುದನ್ನೂ ಹೇಳಲೇಬೇಕು.

ನಮ್ಮೂರುಗಳಲ್ಲಿ ಇದಕ್ಕಿಂತ ದೊಡ್ಡ ತಲೆನೋವು ಮಧ್ಯವರ್ತಿಗಳದು. ಜಾಲತಾಣ ಮಾಡಿಕೊಡುವವರು ಡೊಮೈನ್ ಅನ್ನು ತಮ್ಮ ಖಾತೆಯಲ್ಲಿ, ತಮ್ಮ ಹೆಸರಿಗೇ ಕೊಂಡುಬಿಡುತ್ತಾರೆ. ಬಿಲ್ ಕಟ್ಟಿದವರು ಶಾಲೆಯವರಾದರೂ ದಾಖಲೆಯಲ್ಲಿ ಮಾಲೀಕ ಡಿಸೈನರ್. ಜಗಳವಾದ ದಿನ ‘ಇಪ್ಪತ್ತು ಸಾವಿರ ಕೊಡಿ, ಹೆಸರು ಬಿಡುತ್ತೇವೆ’ ಎನ್ನುತ್ತಾರೆ. ಕೆಲಸ ಒಪ್ಪಿಸುವ ಮೊದಲೇ ಡೊಮೈನ್ ಖಾತೆಯನ್ನು ಸಂಸ್ಥೆಯ ಹೆಸರು, ಸಂಸ್ಥೆಯ ಇಮೇಲ್, ಸಂಸ್ಥೆಯ ಮೊಬೈಲಿಗೆ ಬರುವ ಒಟಿಪಿಯಲ್ಲಿ ತೆರೆಯಿರಿ. ಕೊಂಡ ಮೇಲೆ ಬರುವ ದೃಢೀಕರಣದ ಇಮೇಲ್‌ಗೆ 15 ದಿನದೊಳಗೆ ಉತ್ತರಿಸದಿದ್ದರೆ ಹೆಸರನ್ನು ತಡೆಹಿಡಿಯುತ್ತಾರೆ ಎಂಬುದೂ ನೆನಪಿರಲಿ. ಡೊಮೈನ್ ಹೆಸರಿಗೂ ವ್ಯಾಪಾರ ಚಿಹ್ನೆಯಂತೆಯೇ ಕಾನೂನಿನ ರಕ್ಷಣೆ ಉಂಟು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. ಆ ದಾವೆ ಹುಟ್ಟಿದ್ದು ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲೇ. ಹಾಗೆಂದು ಪ್ರತಿ ಶಾಲೆಯೂ ಸುಪ್ರೀಂ ಕೋರ್ಟಿನವರೆಗೆ ಹೋಗಲಾದೀತೆ?

ದೂರು ಎಲ್ಲಿಗೆ ಎಂಬುದನ್ನೂ ತಿಳಿದಿರಬೇಕು. ಡಾಟ್ ಕಾಮ್, ಡಾಟ್ ಆರ್ಗ್, ಡಾಟ್ ನೆಟ್ ಆದರೆ ಐಕ್ಯಾನ್‌ನ ಕಂಪ್ಲಯನ್ಸ್ ವಿಭಾಗಕ್ಕೆ ಆನ್‌ಲೈನ್ ಅರ್ಜಿ. ವರ್ಗಾವಣೆ ತಡೆದದ್ದು, ಕೋಡ್ ಕೊಡದ್ದು, ನೋಟಿಸ್ ಕಳಿಸದ್ದು ಅಲ್ಲಿ ನಡೆಯುತ್ತದೆ. ದರ ಹೆಚ್ಚೆಂಬ ದೂರು ನಡೆಯುವುದಿಲ್ಲ. ಐಕ್ಯಾನ್ ಕಚ್ಚುವುದೇ ಇಲ್ಲ ಎಂದಲ್ಲ. ದಾರಿ ತಪ್ಪಿಸುವ ನವೀಕರಣ ಪತ್ರ ಕಳಿಸುವ ದಂಧೆಗೆ ನಂಟಿದ್ದ ಕೆನಡಾದ ಒಂದು ರಿಜಿಸ್ಟ್ರಾರ್‌ನ ಮಾನ್ಯತೆಯನ್ನು ಅದು 2014ರಲ್ಲಿ ಅಮಾನತಿನಲ್ಲಿಟ್ಟಿತ್ತು. ಡಾಟ್ ಇನ್ ಹೆಸರುಗಳಿಗೆ ಐಕ್ಯಾನ್ ಸಂಬಂಧವಿಲ್ಲ, ಅದು ದೆಹಲಿಯ ನಿಕ್ಸಿ ಸಂಸ್ಥೆಯ ವ್ಯಾಪ್ತಿ. ದುಡ್ಡಿನ ವಿಷಯಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ದೂರುದಾರರ ಊರಿನ ಆಯೋಗದಲ್ಲೇ ಹಾಕಬಹುದು. ‘ವಾಣಿಜ್ಯ ಉದ್ದೇಶದ ಖರೀದಿ, ನೀವು ಗ್ರಾಹಕರಲ್ಲ’ ಎಂಬ ವಾದ ಎದುರಿನವರಿಂದ ಬರುವುದು ಖಚಿತ. ಸ್ವಂತ ದುಡಿಮೆಯಲ್ಲಿ ಹೊಟ್ಟೆಪಾಡಿಗಾಗಿ ನಡೆಸುವ ವ್ಯಾಪಾರಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ಅದನ್ನು ದೂರಿನ ಮೊದಲ ಪುಟದಲ್ಲೇ ಬರೆಯಿರಿ.

ಹೊಸ ಕಾನೂನು ಬೇಕಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ ತಡೆ ಮಾರ್ಗಸೂಚಿ ಹೊರಡಿಸಿ 13 ಬಗೆಯ ಆನ್‌ಲೈನ್ ಮೋಸಗಳನ್ನು ಹೆಸರಿಸಿದೆ. ಕೇಳದ್ದನ್ನು ಬುಟ್ಟಿಗೆ ತುಂಬುವುದು, ಬೆಲೆಯನ್ನು ತೊಟ್ಟು ತೊಟ್ಟಾಗಿ ತೋರಿಸುವುದು, ಸುಳ್ಳು ಅವಸರ ಹುಟ್ಟಿಸುವುದು, ಚಂದಾದ ಬಲೆ ಎಲ್ಲವೂ ಅದರಲ್ಲಿವೆ. ಭಾರತದಲ್ಲಿ ಸೇವೆ ಮಾರುವ ವಿದೇಶಿ ಕಂಪನಿಗಳಿಗೂ ಅನ್ವಯ. 2025ರ ಜೂನ್‌ನಲ್ಲಿ ಇ-ವಾಣಿಜ್ಯ ವೇದಿಕೆಗಳು ಮೂರು ತಿಂಗಳಲ್ಲಿ ಸ್ವಯಂ ಪರಿಶೋಧನೆ ಮಾಡಿಕೊಳ್ಳಬೇಕೆಂದೂ ಪ್ರಾಧಿಕಾರ ಸೂಚಿಸಿತ್ತು. ಕಿರಾಣಿ, ಸಿನಿಮಾ ಟಿಕೆಟ್ ಮಾರುವವರತ್ತ ತಿರುಗಿದ ಆ ಕಣ್ಣು ಡೊಮೈನ್ ಮಾರುವವರತ್ತಲೂ ತಿರುಗಲಿ. ದೂರು ಬರಲೆಂದು ಕಾಯಬೇಕಿಲ್ಲ, ಸ್ವಯಂಪ್ರೇರಿತವಾಗಿ ವಿಚಾರಿಸುವ ಅಧಿಕಾರ ಪ್ರಾಧಿಕಾರಕ್ಕಿದೆ.

ನಿಕ್ಸಿಯ ಕೈಯಲ್ಲಿ ಇದಕ್ಕಿಂತ ನೇರವಾದ ಅಸ್ತ್ರವಿದೆ. ಡಾಟ್ ಇನ್ ಮಾರಬೇಕಾದರೆ ಪ್ರತಿ ರಿಜಿಸ್ಟ್ರಾರ್ ಅದರೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು. ಆ ಒಪ್ಪಂದಕ್ಕೆ ಎರಡು ಸಾಲು ಸೇರಲಿ: ಮೊದಲ ವರ್ಷದ ದರ ಎಷ್ಟು ದೊಡ್ಡ ಅಕ್ಷರದಲ್ಲಿದೆಯೋ ನವೀಕರಣದ ದರವೂ ಅಷ್ಟೇ ದೊಡ್ಡದಾಗಿ ಅದರ ಪಕ್ಕದಲ್ಲೇ ಇರಬೇಕು, ಅವಧಿ ಮುಗಿದ ಹೆಸರನ್ನು ಹಳೆಯ ಮಾಲೀಕರ ರಿಡೆಂಪ್ಶನ್ ಹಕ್ಕು ಮುಗಿಯುವ ಮೊದಲು ಹರಾಜಿಗೆ ಹಾಕಕೂಡದು. ಡಾಟ್ ಭಾರತ ಹೆಸರುಗಳನ್ನು ನಿಕ್ಸಿ ಕನ್ನಡ ಲಿಪಿಯಲ್ಲೂ ಕೊಡುತ್ತಿದೆ. ಕನ್ನಡದಲ್ಲಿ ಹೆಸರು ಕೊಂಡವರಿಗೆ ಅವಧಿ ಮುಗಿಯುವ ನೋಟಿಸೂ ಕನ್ನಡದಲ್ಲೇ, ಇಮೇಲ್ ಜೊತೆಗೆ ಎಸ್‌ಎಂಎಸ್‌ನಲ್ಲೂ ಬರುವಂತೆ ಅದೇ ಒಪ್ಪಂದದಲ್ಲಿ ಬರೆಯಲಿ.

– ಜಾಲತಾಣ ನಿರ್ವಹಣೆಯ ಕೆಲಸದಲ್ಲಿರುವ ಗೆಳೆಯರು, ದಾವಣಗೆರೆ