ಶೇಕಡ 76: ಗೆಳೆಯನಿಗೊಂದು ಪತ್ರ

ಪ್ರೀತಿಯ ಕ್ಯಾಪ್ಟನ್,

ಅಂಗವಿಕಲರ ಹೊಸ ಕಾರ್ಡು ಮಾಡಿಸಿಕೊಳ್ಳಲೇಬೇಕೇ, ಹಳೆಯ ಅಂಗವಿಕಲ ಪ್ರಮಾಣಪತ್ರವಿದ್ದರೆ ಸಾಲದೇ ಎಂದು ನೀನು ಸಿಂಧನೂರಿನಿಂದ ಕೇಳಿದ್ದಕ್ಕೆ ಫೋನಿನಲ್ಲಿ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಹೇಳಬೇಕಾದದ್ದು ಬಹಳವಿತ್ತು. ಅಲ್ಲದೆ, ನಮ್ಮಂತೆಯೇ ಹಳೆಯ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟುಕೊಂಡು ಕುಳಿತವರು ರಾಯಚೂರು, ಕೊಪ್ಪಳ, ಬಳ್ಳಾರಿಯ ಹಳ್ಳಿಗಳಲ್ಲಿ ಇನ್ನೂ ಅನೇಕರಿದ್ದಾರೆ. ಅವರಿಗೂ ತಲುಪಲಿ ಎಂದು ನಿನಗೆ ಬರೆದದ್ದನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ನಮ್ಮಿಬ್ಬರ ಪ್ರಮಾಣಪತ್ರಗಳೂ ಒಂದೇ ಶಿಬಿರದವು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಕುಷ್ಟಗಿ ತಾಲ್ಲೂಕಿನವನಾದ ನಾನೂ ರಾಯಚೂರು ಜಿಲ್ಲೆಯವನೇ ಆಗಿದ್ದರಿಂದ ನನ್ನ ಕಾಗದದ ಮೇಲೂ ರಾಯಚೂರಿನ ಮೊಹರೇ ಇದೆ. ಬಲಗಾಲಿಗೆ ಪೋಲಿಯೊ, ಶೇಕಡ 60 ಎಂದು ನೀಲಿ ಶಾಯಿಯಲ್ಲಿ ಬರೆದ ಆ ಕಾಗದದ ಬಲದಿಂದಲೇ ನನಗೆ ಅಂಗವಿಕಲ ವೇತನ, ಅಂದರೆ ನಮ್ಮೂರಿನವರು ಪಗಾರ ಎನ್ನುವ ಹಣ, ಮಂಜೂರಾಗಿತ್ತು. ಮೊದಲು ಅಂಚೆಯವರು ಮನಿಯಾರ್ಡರ್ ತಂದುಕೊಡುತ್ತಿದ್ದರು, ಆಮೇಲೆ ಬ್ಯಾಂಕಿಗೆ ಬರತೊಡಗಿತು. ಇತ್ತೀಚಿನವರೆಗೆ ನನಗೆ ಬರುತ್ತಿದ್ದದ್ದು ತಿಂಗಳಿಗೆ 800 ರೂಪಾಯಿ.

ಆ ಕಾಗದದ ಕಾಲ ಮುಗಿಯುತ್ತ ಬಂದಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದು, ಹಿಂದಿನ 1995ರ ಕಾಯ್ದೆಯಲ್ಲಿ 7 ಇದ್ದ ಅಂಗವೈಕಲ್ಯದ ಬಗೆಗಳನ್ನು 21ಕ್ಕೆ ಏರಿಸಿತು. ಅದರ ಜೊತೆಜೊತೆಗೆ ದೇಶಕ್ಕೆಲ್ಲ ಒಂದೇ ಆದ ಯು.ಡಿ.ಐ.ಡಿ., ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡು ಬಂತು. ಅದರಲ್ಲಿ 18 ಅಂಕಿ, ಅಕ್ಷರಗಳ ಸಂಖ್ಯೆಯೊಂದಿರುತ್ತದೆ; ಶೇಕಡ 40ಕ್ಕಿಂತ ಕಡಿಮೆಯಿದ್ದವರಿಗೆ ಬಿಳಿ ಪಟ್ಟಿ, 40ರಿಂದ 80ರೊಳಗಿನವರಿಗೆ ಹಳದಿ, 80 ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ನೀಲಿ. ಕೇಂದ್ರದ ಹಲವು ಯೋಜನೆಗಳಿಗೆ 2023ರ ಏಪ್ರಿಲ್‌ನಿಂದ ಈ ಸಂಖ್ಯೆ ಬೇಕೇ ಬೇಕು. ರಾಜ್ಯದ ವೇತನದ ಕೆಲಸಕ್ಕೆ ಹೋದಾಗ ನನ್ನನ್ನೂ ಮೊದಲು ಕೇಳಿದ್ದು ಅದನ್ನೇ. ಆದ್ದರಿಂದ ನಿನ್ನ ಪ್ರಶ್ನೆಗೆ ನೇರ ಉತ್ತರ: ಮಾಡಿಸಿಕೊಳ್ಳಬೇಕು, ಈ ಬೇಸಿಗೆ ಬಲಿಯುವ ಮೊದಲೇ ಮಾಡಿಸಿಕೊಳ್ಳಬೇಕು.

ನಾನು ಹೋದದ್ದು ಕಾರ್ಡಿಗಾಗಿ ಮಾತ್ರವಲ್ಲ. ನಮ್ಮ ರಾಜ್ಯದಲ್ಲಿ ನಮ್ಮಂಥ ದೈಹಿಕ ಅಂಗವಿಕಲರಲ್ಲಿ ಶೇಕಡ 40ರಿಂದ 74ರವರೆಗಿನವರಿಗೆ 800 ರೂಪಾಯಿ, 75 ಮತ್ತು ಅದಕ್ಕೂ ಹೆಚ್ಚಿನವರಿಗೆ 1,400 ರೂಪಾಯಿ ಎಂದು ವೇತನದ ಎರಡು ಮೆಟ್ಟಿಲುಗಳಿವೆ. 74ರವನ ಬದುಕಿಗೂ 75ರವನ ಬದುಕಿಗೂ ಏನು ಅಂತರ ಎಂದು ಯಾರಾದರೂ ಕೇಳಿದರೆ ನನಗೆ ತಿಳಿದಿರುವ ಉತ್ತರ 600 ರೂಪಾಯಿ ಎಂಬುದೊಂದೇ. ಅದೇ 2016ರ ಕಾಯ್ದೆಯ 24ನೆಯ ಕಲಮು, ಇತರರಿಗಿರುವ ಅದೇ ಬಗೆಯ ಯೋಜನೆಗಳಿಗಿಂತ ಅಂಗವಿಕಲರಿಗೆ ಕೊಡುವ ನೆರವು ಕನಿಷ್ಠ ಶೇಕಡ 25ರಷ್ಟು ಹೆಚ್ಚಿರಬೇಕು ಎನ್ನುತ್ತದೆ. ನಮ್ಮ ಓಣಿಯ ವಿಧವೆಯರಿಗೆ ಬರುವ ವೇತನವೂ 800, ನನಗೆ ಬರುತ್ತಿದ್ದದ್ದೂ 800. ಆ ತಾಯಂದಿರ 800 ಹೆಚ್ಚಾಯಿತೆಂದು ಹೇಳುವಷ್ಟು ಕಲ್ಲೆದೆ ಯಾರಿಗೂ ಇರಲಿಕ್ಕಿಲ್ಲ. ಆದರೆ ಕಾಯ್ದೆಯ ಆ ಮಾತನ್ನು ನಡೆಸಿದರೆ ಕೆಳಮೆಟ್ಟಿಲಿನವನಿಗೂ ಕನಿಷ್ಠ 1,000 ಆಗಬೇಕಿತ್ತು. ಊರುಗೋಲು, ಕಾಲಿಗೆ ಆಸರೆಯಾಗುವ ಬೂಟಿನ ಕ್ಯಾಲಿಪರ್, ಆಸ್ಪತ್ರೆಗೆ ಜೊತೆಯಲ್ಲಿ ಬರುವವರ ಒಂದು ದಿನದ ಕೂಲಿ, ಇವೆಲ್ಲ ನಮ್ಮ ಖರ್ಚಿನ ಮೇಲೆ ಮತ್ತೊಂದು ಖರ್ಚು ಎಂಬುದನ್ನು ತಿಳಿದವರೇ ಆ ಸಾಲನ್ನು ಕಾಯ್ದೆಯಲ್ಲಿ ಬರೆದಿದ್ದಾರೆ. ಬರೆದದ್ದನ್ನು ನಡೆಸುವಂತೆ ನಾವು ಕೇಳುತ್ತಲೇ ಇರಬೇಕು.

ಶೇಕಡ 60ರವನಾದ ನಾನು ಮೇಲಿನ ಮೆಟ್ಟಿಲನ್ನು ಕೇಳಿದ್ದೇಕೆ ಎಂದು ನೀನು ಕೇಳುವೆ. ನನ್ನ ಎಡಗಾಲನ್ನು ನೀನು ಬಲ್ಲೆ. ನಾವಿಬ್ಬರೂ ಇದ್ದ ಹಾಸ್ಟೆಲಿನ ಬಾವಿಕಟ್ಟೆಯ ಮೇಲೆ ನಿನ್ನನ್ನು ಹೊತ್ತು ನಿಂತದ್ದು ಆ ಕಾಲು. ಆಮೇಲೆ ಇಷ್ಟು ವರ್ಷ ಹೊಲಿಗೆ ಯಂತ್ರದ ಪೆಡಲ್ ತುಳಿದು ಮನೆ ನಡೆಸಿದ್ದೂ ಅದೇ. ಕೆಲವು ವರ್ಷಗಳಿಂದ ಅದು ಮಧ್ಯಾಹ್ನದ ಹೊತ್ತಿಗೆ ನಡುಗಲು ಶುರುವಾಗಿ, ಮೆಟ್ಟಿಲು ಹತ್ತುವಾಗ ಮಡಿಚಿಕೊಳ್ಳತೊಡಗಿತು. ವಯಸ್ಸು ಎಂದುಕೊಂಡೆ, ಸಕ್ಕರೆ ಕಾಯಿಲೆ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದೆ. ಕೊನೆಗೆ ನರಗಳ ವೈದ್ಯರೊಬ್ಬರು ವಿವರಿಸಿದರು: ಬಾಲ್ಯದ ಪೋಲಿಯೊದಲ್ಲಿ ಸತ್ತ ನರಕೋಶಗಳ ಕೆಲಸವನ್ನು ಉಳಿದ ಕೋಶಗಳು ತಮ್ಮ ಕವಲುಗಳನ್ನು ಚಾಚಿ ವಹಿಸಿಕೊಂಡಿರುತ್ತವೆ, ಆ ಹೆಚ್ಚಿನ ಹೊರೆಯನ್ನು ದಶಕಗಳ ಕಾಲ ಹೊತ್ತು ಅವೂ ಸೋಲುತ್ತವೆ. ಸಾಮಾನ್ಯವಾಗಿ ಪೋಲಿಯೊ ಬಂದು 15ರಿಂದ 40 ವರ್ಷಗಳಾದ ಮೇಲೆ ಇದು ಕಾಣಿಸಿಕೊಳ್ಳುತ್ತದೆಯಂತೆ, ಚೆನ್ನಾಗಿದೆಯೆಂದು ನಾವು ನಂಬಿದ ಅಂಗದಲ್ಲಿಯೂ ಕಾಣಿಸಿಕೊಳ್ಳಬಹುದಂತೆ. ಪೋಸ್ಟ್ ಪೋಲಿಯೊ ಸಿಂಡ್ರೋಮ್ ಎಂಬುದು ಅದರ ಹೆಸರು. 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೊಮುಕ್ತವೆಂಬ ಮಾನ್ಯತೆ ಸಿಕ್ಕಾಗ ನಾವಿಬ್ಬರೂ ಫೋನಿನಲ್ಲಿ ಎಷ್ಟು ಸಂತೋಷಪಟ್ಟಿದ್ದೆವು! ಇನ್ನು ಯಾವ ಮಗುವಿಗೂ ಅದು ಬಾರದಿರಲಿ. ಆದರೆ ಬಂದವರ ಮೈಯಲ್ಲಿ ಅದರ ಕೆಲಸ ಇನ್ನೂ ಮುಗಿದಿಲ್ಲ, ಕ್ಯಾಪ್ಟನ್. ನಿನ್ನ ಬಲಗೈ ಸಂಜೆ ಹೊತ್ತು ಸೋಲುತ್ತದೆ ಎಂದು ನೀನು ಹೇಳಿದ್ದನ್ನು ನಾನು ಮರೆತಿಲ್ಲ, ಅದನ್ನು ವೈದ್ಯರಿಗೆ ಹೇಳು.

ಈ ಬದಲಾವಣೆಯ ದಾರಿಯನ್ನು ನಾನೊಬ್ಬನೇ ನಡೆದಿದ್ದರೆ ಅರ್ಧಕ್ಕೇ ಬಿಟ್ಟುಬಿಡುತ್ತಿದ್ದೆ. ನನ್ನನ್ನು ದಾಟಿಸಿದ್ದು ನಮ್ಮ ಪಂಚಾಯಿತಿಯ ವಿ.ಆರ್.ಡಬ್ಲ್ಯು., ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ; ನಾನು ತಂಗಿ ಎಂದೇ ಕರೆಯುವವಳು. ಗ್ರಾಮೀಣ ಪುನರ್ವಸತಿ ಯೋಜನೆಯಡಿ ಗ್ರಾಮ ಪಂಚಾಯಿತಿಗೊಬ್ಬರಂತೆ ಇರುವ ಈ ಕಾರ್ಯಕರ್ತರು ಸ್ವತಃ ಅಂಗವಿಕಲರು, ತಾಲ್ಲೂಕಿಗೆ ಎಂ.ಆರ್.ಡಬ್ಲ್ಯು. (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು), ನಿನ್ನಂತೆ ಪಟ್ಟಣದಲ್ಲಿರುವವರಿಗೆ ಯು.ಆರ್.ಡಬ್ಲ್ಯು. (ನಗರ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಈ ತಂಗಿ ತನ್ನ ಮೂರು ಗಾಲಿಯ ಸ್ಕೂಟರಿನಲ್ಲಿ ನಮ್ಮ ಮನೆಯ ಕಟ್ಟೆಗೆ ಬಂದು, ಗಾಡಿಯಿಂದಿಳಿಯದೆಯೇ ಮೊಬೈಲಿನಲ್ಲಿ ನನ್ನ ಅರ್ಜಿ ತುಂಬಿದಳು. ಆಧಾರಿನಲ್ಲಿ ನನ್ನ ಹೆಸರಿನ ಮುಂದೆ ತಂದೆಯ ಹೆಸರು, ಹಳೆಯ ಪ್ರಮಾಣಪತ್ರದಲ್ಲಿ ಮನೆತನದ ಹೆಸರು ಇರುವುದನ್ನು ಮೊದಲು ಕಂಡವಳು ಅವಳೇ. ಆಧಾರಿಗೆ ಜೋಡಿಸಿದ ಫೋನು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿರುವ ಮಗನ ಕೈಯಲ್ಲಿತ್ತು, ಓ.ಟಿ.ಪಿ. ಬಂದ ಕೂಡಲೇ ಹೇಳಬೇಕಾಗಿದ್ದರಿಂದ ಅವನ ಊಟದ ಬಿಡುವು ಯಾವಾಗ ಎಂದು ವಿಚಾರಿಸಿಕೊಂಡು ಆ ಹೊತ್ತಿಗೇ ಅರ್ಜಿ ಸಲ್ಲಿಸಿದಳು. ಇಂಥ ಸಣ್ಣ ಸಂಗತಿಗಳಲ್ಲಿಯೇ ಬಡವನ ಅರ್ಜಿ ಉಳಿಯುವುದು ಅಥವಾ ಸಾಯುವುದು ಎಂಬುದನ್ನು ನಾನು ಆ ಕಟ್ಟೆಯ ಮೇಲೆ ಕುಳಿತು ಕಂಡೆ. ಒಂದು ಪಂಚಾಯಿತಿಯ ಇಷ್ಟೊಂದು ಹಳ್ಳಿಗಳಿಗೆ ಅವಳೊಬ್ಬಳೇ. ಅವಳ ಗಾಡಿ ಕೆಟ್ಟ ವಾರ ನಮ್ಮೆಲ್ಲರ ಅರ್ಜಿಗಳೂ ನಿಂತಿದ್ದವು.

ಕಾರ್ಡಿಗಾಗಿ ವೈದ್ಯರ ತಪಾಸಣೆಯ ದಿನ ಅವಳು ಹೇಳಿದ ಒಂದು ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. "ಅಣ್ಣಾ, ಇವತ್ತ ಚೊಲೋ ನಡೀಲಿಕ್ಕೆ ಹೋಗಬ್ಯಾಡ್ರಿ. ಮನ್ಯಾಗ ದಿನಾ ಹೆಂಗ ನಡೀತೀರಿ, ಹಂಗ ನಡೀರಿ." ಜನರ ಮುಂದೆ ನಾನು ಹೇಗೆ ನಡೆಯುತ್ತೇನೆಂಬುದನ್ನು ಅವಳು ಗಮನಿಸಿದ್ದಳು. ಹಾಸ್ಟೆಲಿನಲ್ಲಿ ನಾವು ಕಲಿತದ್ದೇ ಅದಲ್ಲವೇ? ನೆಟ್ಟಗೆ ನಿಲ್ಲು, ಕುಂಟುವುದು ಕಾಣಬಾರದು, ಯಾರಾದರೂ ಕೈ ಚಾಚಿದರೆ ಬೇಡವೆನ್ನು. ಮದುವೆಯ ಮಾತುಕತೆಯಲ್ಲಿ, ಅಂಗಡಿ ಬಾಡಿಗೆಗೆ ಕೇಳುವಾಗ, ಸಾಲ ಕೇಳುವಾಗ, ಇಲ್ಲ, ನನಗೇನೂ ತೊಂದರೆಯಿಲ್ಲ ಎಂದು ತೋರಿಸುವುದರಲ್ಲಿ ನಮ್ಮ ಅರ್ಧ ಆಯುಷ್ಯ ಕಳೆಯಿತು. ಆ ದಿನ ಮಾತ್ರ ಎಲ್ಲವನ್ನೂ ಬಿಚ್ಚಿ ತೋರಿಸಬೇಕಾಗಿತ್ತು.

ಸ್ನಾಯುಗಳ ಬಲವನ್ನು ಸೊನ್ನೆಯಿಂದ 5ರವರೆಗೆ ಅಳೆಯುತ್ತಾರೆ. 3 ಎಂದರೆ ಕಾಲು ತನ್ನ ಭಾರವನ್ನು ತಾನು ಎತ್ತಬಲ್ಲದು, ಎದುರಿನಿಂದ ಒತ್ತಿದರೆ ತಾಳಲಾರದು. ವೈದ್ಯರು ಸಾವಧಾನದಿಂದಲೇ ನನ್ನ ಎಡಮೊಣಕಾಲನ್ನು ಚಾಚಿಸಿ, ಅದರ ಮೇಲೆ ಕೈಯಿಟ್ಟು, ಎಷ್ಟು ಸಾಧ್ಯವೋ ಅಷ್ಟು ತಡೆಯಿರಿ ಎಂದರು. ಗೆಳೆಯಾ, ನಾನು ನನ್ನ ಪೂರ್ಣ ಬಲ ಹಾಕಿಯೇ ತಡೆದೆ. ಆದರೆ ಅದೇ ಕ್ಷಣದಲ್ಲಿ, ಸೋಲಲಿ, ಈ ಕಾಲು ಸೋಲಲಿ ಎಂದು ನನ್ನ ಮನಸ್ಸು ಹಾರೈಸುತ್ತಿತ್ತು. ಇಷ್ಟು ವರ್ಷ ಅನ್ನ ಹಾಕಿದ ಕಾಲು ಅದು. ಅದಕ್ಕೆ ಕೆಡುಕನ್ನು ಬಯಸಿದವನು ನಾನೇ.

ಕಾಲು ಸೋತಿತು. ಎರಡು ಅಂಗಗಳ ಅಂಕಿಗಳನ್ನು ನೇರವಾಗಿ ಕೂಡಿಸುವುದಿಲ್ಲ ಎಂಬುದು ನಿನಗೂ ತಿಳಿದಿರಲಿ: ದೊಡ್ಡ ಅಂಕಿಯನ್ನು 90ರಿಂದ ಕಳೆದು, ಉಳಿದದ್ದರಿಂದ ಸಣ್ಣ ಅಂಕಿಯನ್ನು ಗುಣಿಸಿ, 90ರಿಂದ ಭಾಗಿಸಿ ಬಂದದ್ದನ್ನು ದೊಡ್ಡದಕ್ಕೆ ಸೇರಿಸುತ್ತಾರೆ. ಬಲಗಾಲಿಗೆ 60, ಎಡಗಾಲಿಗೆ 48 ಬಂದು, ನನ್ನ ಒಟ್ಟು ಶೇಕಡ 76 ಆಯಿತು. ಮೆಟ್ಟಿಲನ್ನು ದಾಟಲು ಬೇಕಿದ್ದದ್ದಕ್ಕಿಂತ ಒಂದೇ ಒಂದು ಹೆಚ್ಚು. ಬಸ್ ನಿಲ್ದಾಣದಿಂದಲೇ ಮನೆಗೆ ಫೋನು ಮಾಡಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಹೇಳುವ ಹುಡುಗನ ದನಿಯಲ್ಲಿ, "ಎಪ್ಪತ್ತಾರು ಬಂತು" ಎಂದೆ. ಆ ಕಡೆಯಿಂದ ನನ್ನ ಹೆಂಡತಿ ಸ್ವಲ್ಪ ಹೊತ್ತು ತಡೆದು ಕೇಳಿದಳು: "ಹಂಗಂದ್ರ ಎಡಗಾಲೂ ಹೋತೇನ್ರಿ?"

ಅವಳಿಗೆ ಏನು ಹೇಳಲೂ ನನ್ನಿಂದ ಆಗಲಿಲ್ಲ. ಹಣದ ಲೆಕ್ಕದಲ್ಲಿ ಗೆಲುವಾಗಿದ್ದ ಅಂಕಿಯನ್ನು ಅವಳು ಕಾಲಿನ ಲೆಕ್ಕದಲ್ಲಿ ಕೇಳಿದ್ದಳು. ಅಂದಿನಿಂದ ರಾತ್ರಿ ಮಲಗಿದಾಗ ನಾನು ಆ ಕಾಲನ್ನು ಒಮ್ಮೆ ಎತ್ತಿ ನೋಡುತ್ತೇನೆ. ಇನ್ನೆಷ್ಟು ವರ್ಷ ಎಂದು ವೈದ್ಯರನ್ನು ಕೇಳುವ ಧೈರ್ಯ ಬಂದಿಲ್ಲ. ಹೆಚ್ಚು ದುಡಿಸಬೇಡಿ, ಆಗಾಗ ವಿಶ್ರಾಂತಿ ಕೊಡಿ ಎಂದು ಅವರು ಹೇಳಿದ್ದಾರೆ. ಯಂತ್ರಕ್ಕೆ ಮೋಟಾರು ಹಾಕಿಸಿದ್ದೇನೆ. ಆದರೂ ಭಯವಾಗುತ್ತದೆ, ಗೆಳೆಯಾ. ಊರವರ ಮುಂದೆ ಎಂದೂ ಆಡದ ಈ ಮಾತು ನಿನಗೆ ಬರೆಯುವ ಭರದಲ್ಲಿ ಎಲ್ಲರಿಗೂ ಕೇಳಿಸುವಂತೆ ಹೊರಬಿದ್ದಿದೆ. ಅಳಿಸದೆ ಹಾಗೆಯೇ ಬಿಡುತ್ತೇನೆ. ನಮ್ಮಂಥ ಇನ್ನೊಬ್ಬರು ಓದಿದರೆ, ಇದು ತಮಗೊಬ್ಬರಿಗೇ ಆದದ್ದಲ್ಲ ಎಂದು ತಿಳಿದುಕೊಳ್ಳಲಿ.

ಇರಲಿ, ಈಗ ನಿನ್ನ ಕೆಲಸಕ್ಕೆ ಬರೋಣ. ಕಾರ್ಡು ಬಂದ ತಕ್ಷಣ ವೇತನ ತಾನಾಗಿಯೇ ಹೆಚ್ಚುತ್ತದೆ ಎಂದು ತಿಳಿಯಬೇಡ. ನಾಡಕಚೇರಿಯಲ್ಲಿ ಬೇರೆಯೇ ಅರ್ಜಿ ಕೊಡಬೇಕು, ಗ್ರಾಮ ಆಡಳಿತಾಧಿಕಾರಿ ಮತ್ತು ಕಂದಾಯ ನಿರೀಕ್ಷಕರ ವರದಿಯಾಗಿ ತಹಸೀಲ್ದಾರರ ಆದೇಶವಾಗಬೇಕು. ಆದಾಯ ಪ್ರಮಾಣಪತ್ರವನ್ನು ಮೊದಲೇ ತೆಗೆದಿಟ್ಟುಕೋ, ವರ್ಷಕ್ಕೆ 32,000 ರೂಪಾಯಿಯ ಮಿತಿಯಿದೆ. ಆದೇಶವಾದ ಮೇಲೆ ಬ್ಯಾಂಕಿನ ಮಾತು ಬರುತ್ತದೆ: ನೀನು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಕೊನೆಯದಾಗಿ ಯಾವ ಖಾತೆಗೆ ಆಧಾರ್ ಜೋಡಣೆಯಾಗಿದೆಯೋ ಅದಕ್ಕೇ ಹಣ ಹೋಗುತ್ತದೆ. ನನ್ನ ಹೊಸ ವೇತನ, ಎಂದೋ ಸಾಲಕ್ಕಾಗಿ ತೆರೆದು ನಾನು ಮರೆತೇಬಿಟ್ಟಿದ್ದ ಖಾತೆಯಲ್ಲಿ ಹೋಗಿ ಕುಳಿತಿತ್ತು. ಪತ್ತೆ ಹಚ್ಚಿದವಳು ಅದೇ ತಂಗಿ. ಈಗ 1,400 ಸರಿಯಾಗಿ ಬರುತ್ತಿದೆ. ಮೊದಲ ತಿಂಗಳ ಹೆಚ್ಚಿನ ಹಣದಲ್ಲಿ ಊರುಗೋಲಿಗೆ ಹೊಸ ರಬ್ಬರ್ ಹಾಕಿಸಿ, ಹೆಂಡತಿಗೆ ಇಳಕಲ್ ಸೀರೆಯ ಮಾತನ್ನು ಮುಂದಿನ ವರ್ಷಕ್ಕೆ ಮತ್ತೊಮ್ಮೆ ಕೊಟ್ಟಿದ್ದೇನೆ.

ನಿಮ್ಮ ನಗರಸಭೆಯಲ್ಲಿ ಯು.ಆರ್.ಡಬ್ಲ್ಯು. ಯಾರೆಂದು ಸೋಮವಾರವೇ ಹೋಗಿ ಕೇಳು. ಆಧಾರಿಗೆ ನಿನ್ನದೇ ಫೋನು ಜೋಡಣೆಯಾಗಿದೆಯೇ ಎಂದು ಮೊದಲು ನೋಡಿಕೋ. ಅಳಿಯನದಾಗಿದ್ದರೆ ಅವನು ಊರಲ್ಲಿರುವಾಗಲೇ ಬದಲಿಸಿಕೊಂಡುಬಿಡು. ತಪಾಸಣೆಗೆ ಹೋಗುವಾಗ ಮುಂಜಾನೆಯ ನಿನ್ನ ಬಲಗೈಯ ಕಥೆಯನ್ನಷ್ಟೇ ಹೇಳಿ ಬರಬೇಡ, ಸಂಜೆಯದನ್ನೂ ಹೇಳು. ನಾನು ಬೇಕೆಂದರೆ ಬಸ್ಸು ಹತ್ತಿ ಬರುತ್ತೇನೆ; ನಿನ್ನ ಮನೆಯ ಸೋನಾಮಸೂರಿ ಅನ್ನ ಮತ್ತು ಪುಂಡಿಪಲ್ಯದ ಆಸೆಯೂ ಇದೆ ಎಂದು ಅತ್ತಿಗೆಗೆ ಹೇಳು. ಹಳೆಯ ಪ್ರಮಾಣಪತ್ರದ ಎರಡೂ ಬದಿಯ ಫೋಟೊ ತೆಗೆದು ಈ ರಾತ್ರಿಯೇ ಕಳುಹಿಸು. ಹೆಸರು ಆಧಾರಿನೊಂದಿಗೆ ಹೊಂದುತ್ತದೆಯೋ ಇಲ್ಲವೋ ಎಂದು ತಂಗಿ ಮುಂಚಿತವಾಗಿಯೇ ನೋಡಿ ಹೇಳುತ್ತೇನೆ ಎಂದಿದ್ದಾಳೆ.

ನಿನ್ನವನೇ ಆದ,
ಹಾಸ್ಟೆಲಿನ ಟೇಲರ್
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ