ಹೊಲದ ಸತು ಕಂಡಿತು, ಅಕ್ಕನ ತಟ್ಟೆ ಕಾಣಲಿಲ್ಲ

ಮಾನ್ಯ ಸಂಪಾದಕರೇ,

ಮೆಕ್ಕೆಜೋಳದ ಸುಳಿ ಬಿಳಿಚಿಕೊಂಡಿದ್ದರೆ ಬದುವಿನ ಮೇಲೆ ನಿಂತೇ ಹೇಳುತ್ತಿದ್ದೆ: ‘ಗೌಡರೇ, ಇದು ರೋಗವಲ್ಲ, ಭೂಮಿಯಲ್ಲಿ ಸತು (ಜಿಂಕ್) ಸಾಲದು.’ ಭತ್ತ ನಾಟಿ ಮಾಡಿ ಮೂರು ವಾರಕ್ಕೆ ಎಲೆಯ ಮೇಲೆ ತುಕ್ಕಿನಂಥ ಚುಕ್ಕೆ ಕಂಡರೂ ಅದೇ ಮಾತು. ಎಕರೆಗೆ 10 ಕೆ.ಜಿ. ಜಿಂಕ್ ಸಲ್ಫೇಟ್ ಹಾಕಿ, ರಂಜಕದ ಗೊಬ್ಬರವಾದ ಡಿಎಪಿ ಜೊತೆ ಮಾತ್ರ ಬೆರೆಸಬೇಡಿ. ಕೃಷಿ ಸಹಾಯಕನಾಗಿ ಜಗಳೂರು, ಹರಿಹರ, ಚನ್ನಗಿರಿ ತಾಲ್ಲೂಕುಗಳಲ್ಲಿ ಮೂವತ್ತೊಂದು ವರ್ಷ ಇದನ್ನೇ ಹೇಳಿದವನು ನಾನು. 2009ರಲ್ಲಿ ರಾಜ್ಯದಲ್ಲಿ ಮಣ್ಣು ಪರೀಕ್ಷಿಸಿ ಗೊಬ್ಬರ ಹೇಳುವ ಭೂಚೇತನ ಯೋಜನೆ ಶುರುವಾಯಿತು. ಚೀಲ ಚೀಲ ಮಣ್ಣು ತೆಗೆಸಿ ಪರೀಕ್ಷೆಗೆ ಕಳುಹಿಸಿದ್ದೇವೆ. ಈಗ ರೈತನ ಕೈಯಲ್ಲಿರುವ ಮಣ್ಣಿನ ಆರೋಗ್ಯ ಚೀಟಿಯಲ್ಲಿಯೂ ಸತುವಿಗೆ ಒಂದು ಸಾಲು ಇದೆ.

ಇಷ್ಟೆಲ್ಲ ತಿಳಿದಿದ್ದ ನನಗೆ ನನ್ನ ಸ್ವಂತ ಅಕ್ಕ ಕಣ್ಣೆದುರೇ ಬಾಡುತ್ತಿದ್ದಾಗ ಏನೂ ಹೊಳೆಯಲಿಲ್ಲ. ಆ ಸಂಕಟದಿಂದ ಈ ಪತ್ರ ಬರೆಯುತ್ತಿದ್ದೇನೆ.

ಅಕ್ಕನಿಗೆ ಈಗ ಎಪ್ಪತ್ತೆಂಟು. ಭಾವ ತೀರಿಕೊಂಡ ಮೇಲೆ ಜಗಳೂರು ಕಡೆಯ ಊರಿನಲ್ಲಿ ಒಬ್ಬಳೇ ಇದ್ದಳು, ಮಗ ಬೆಂಗಳೂರಿನಲ್ಲಿ. ಹೋದ ವರ್ಷ ಶ್ರಾವಣದಲ್ಲಿ ನೋಡಲು ಹೋದಾಗ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಹೇಳಿದರೆ, ‘ನನಗೆ ಸಪ್ಪೆಯೇ ಅನ್ನಿಸುತ್ತದೆ ತಮ್ಮಾ, ಏನು ತಿಂದರೂ ಹೊಟ್ಟು ಅಗಿದ ಹಾಗೆ’ ಎಂದಳು. ಕಟ್ಟಿಗೆಯ ಸಿಬಿರು ತಾಗಿ ಕಾಲಿನಲ್ಲಾದ ಗಾಯ ಎರಡು ತಿಂಗಳಾದರೂ ಮಾಯ್ದಿರಲಿಲ್ಲ, ಸಕ್ಕರೆ ಕಾಯಿಲೆಯೂ ಅವಳಿಗಿಲ್ಲ. ಸೋಮವಾರದ ಭಜನೆಯಲ್ಲಿ ತಾಳ ಹಿಡಿದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದವಳು ಗುಡಿಯ ಕಡೆ ಹೋಗುವುದನ್ನೇ ಬಿಟ್ಟಿದ್ದಳು. ಮಾತನಾಡಿಸಿದರೆ ಹೂಂ, ಇಲ್ಲವೇ ಉಹೂಂ. ‘ವಯಸ್ಸಾಯಿತಲ್ಲ’ ಎಂದರು ನೆರೆಯವರು. ನಾನೂ ಅದನ್ನೇ ಅಂದುಕೊಂಡು ಬಸ್ ಹತ್ತಿದೆ.

ದೀಪಾವಳಿಗೆ ಅವಳನ್ನು ದಾವಣಗೆರೆಗೆ ಕರೆತಂದೆವು. ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ಎರಡು ನಿಮಿಷವೂ ನೋಡದೆ ಶಕ್ತಿಗೆಂದು ಒಂದು ಟಾನಿಕ್ ಬರೆದುಕೊಟ್ಟರು. ಔಷಧದ ಅಂಗಡಿಯಲ್ಲಿ ಕಾಲಿನ ಗಾಯದ ಮಾತೆತ್ತಿದ್ದಕ್ಕೆ, ‘ಜಿಂಕ್ ಕೊಡಿ, ಬೇಗ ಮಾಯುತ್ತದೆ’ ಎಂದು 50 ಮಿಲಿಗ್ರಾಂ ಮಾತ್ರೆಯನ್ನು ಚೀಟಿಯಿಲ್ಲದೆ ಕೈಗಿತ್ತರು. ಟಾನಿಕ್ಕಿನಲ್ಲಿಯೂ ಸತು ಇದ್ದುದನ್ನು ನಾನು ಓದಿ ನೋಡಲಿಲ್ಲ. ವಾರದೊಳಗೆ ಅಕ್ಕನಿಗೆ ವಾಕರಿಕೆ ಹಿಡಿದು, ತಿನ್ನುತ್ತಿದ್ದ ಎರಡು ತುತ್ತೂ ನಿಂತಿತು.

ನಂತರ ಸಿಕ್ಕ ಹಿರಿಯ ವೈದ್ಯರೊಬ್ಬರು ಕೇಳಿದ ಮೊದಲ ಪ್ರಶ್ನೆ, ‘ಅಮ್ಮಾ, ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ತಿಂದಿರಿ?’ ಹೆಂಡತಿ, ನಾನು ಮುಖ ಮುಖ ನೋಡಿಕೊಂಡೆವು. ಅಕ್ಕ ನಿಧಾನವಾಗಿ ಹೇಳುತ್ತಾ ಹೋದ ಹಾಗೆ ಎಲ್ಲ ಹೊರಬಂತು. ಮೇಲಿನ ಸಾಲಿನ ಹಲ್ಲು ಉದುರಿದ ಮೇಲೆ ಜೋಳದ ರೊಟ್ಟಿ ಬಿಟ್ಟಿದ್ದಳು. ರೊಟ್ಟಿ ಹೋದ ಮೇಲೆ ಅದರ ಜೊತೆಗಿದ್ದ ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮಡಕೆ ಕಾಳಿನ ಪಲ್ಯ ಎಲ್ಲವೂ ಹೋದವು. ಒಬ್ಬಳಿಗಾಗಿ ಮುದ್ದೆ ತಿರುವುವುದೇಕೆ ಎಂದು ಮುದ್ದೆಯನ್ನೂ ಕೈಬಿಟ್ಟಳು. ಉಳಿದದ್ದು ಪಡಿತರದ ಅಕ್ಕಿಯ ಅನ್ನ, ನೀರು ಸಾರು, ಚಹಾದಲ್ಲಿ ಅದ್ದಿದ ಬಿಸ್ಕತ್ತು, ಸಂಜೆಗೆ ಒಂದು ಹಿಡಿ ಮಂಡಕ್ಕಿ. ಮಾಂಸ, ಮೊಟ್ಟೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇಲ್ಲ.

ಆ ರಾತ್ರಿ ಲೆಕ್ಕ ಹಾಕಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿರುವ ಪ್ರಕಾರ ದಿನಕ್ಕೆ ಗಂಡಸಿಗೆ 17, ಹೆಂಗಸಿಗೆ 13.2 ಮಿಲಿಗ್ರಾಂ ಸತು ಬೇಕು. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಇರುವುದು ಒಂದು ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು. ರಾಗಿಯಲ್ಲಿ ಎರಡೂವರೆ, ಶೇಂಗಾದಲ್ಲಿ ಸುಮಾರು ಮೂರು, ಎಳ್ಳಿನಲ್ಲಿ ಏಳಕ್ಕೂ ಹೆಚ್ಚು. ಅಕ್ಕನ ಹೊಟ್ಟೆಗೆ ಬೇಕಾದುದರ ಮೂರನೇ ಒಂದು ಪಾಲೂ ಬೀಳುತ್ತಿರಲಿಲ್ಲ. ನಮ್ಮ ಇಡೀ ದೇಹದಲ್ಲಿರುವ ಸತು ಎರಡು ಗ್ರಾಂ ಆಸುಪಾಸು. ಬರಗಾಲಕ್ಕೆ ತೆಗೆದು ತಿನ್ನಲು ಹಗೇವು ಎಂಬುದು ಅದಕ್ಕಿಲ್ಲ. ದಿನದ್ದು ದಿನವೇ ಬರಬೇಕು. ಬರದಿದ್ದರೆ ನಾಲಿಗೆಯ ರುಚಿ, ಗಾಯ ಮಾಯುವುದು, ಸೋಂಕು ತಡೆಯುವ ಶಕ್ತಿ ಒಂದೊಂದಾಗಿ ಕುಗ್ಗುತ್ತವೆ. ರುಚಿ ಸತ್ತವರು ಇನ್ನೂ ಕಡಿಮೆ ತಿನ್ನುತ್ತಾರೆ.

ಡಿಎಪಿ ಜೊತೆ ಬೆರೆಸಬೇಡಿ ಎನ್ನುತ್ತಿದ್ದೆನಲ್ಲ, ರಂಜಕ ಹೆಚ್ಚಾದರೆ ಬೆಳೆಗೆ ಸತು ದಕ್ಕುವುದಿಲ್ಲ ಎಂಬುದು ಅದಕ್ಕೆ ಕಾರಣ. ಹೊಟ್ಟೆಯೊಳಗೂ ಹೆಚ್ಚು ಕಡಿಮೆ ಇದೇ ನಡೆಯುತ್ತದೆ ಎಂದು ನನಗೆ ತಿಳಿದದ್ದು ಈಗ. ಕಾಳು, ಧಾನ್ಯಗಳು ತಮ್ಮ ರಂಜಕವನ್ನು ಫೈಟೇಟ್ ರೂಪದಲ್ಲಿ ಕೂಡಿಟ್ಟಿರುತ್ತವೆ; ಅದು ಸತುವನ್ನು ಹಿಡಿದಿಟ್ಟು ಕರುಳು ಹೀರದಂತೆ ಮಾಡುತ್ತದೆ. ನೆನೆಸಿದರೆ, ಮೊಳಕೆ ಕಟ್ಟಿದರೆ, ಹಿಟ್ಟು ಹುದುಗಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಮಡಕೆ ಕಾಳನ್ನು ಬಟ್ಟೆಯಲ್ಲಿ ಕಟ್ಟಿ ಗೂಟಕ್ಕೆ ನೇತುಹಾಕುತ್ತಿದ್ದ ನಮ್ಮ ಅವ್ವನಿಗೆ ಫೈಟೇಟ್ ಎಂಬ ಪದ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಮನುಷ್ಯರಲ್ಲಿ ಸತುವಿನ ಕೊರತೆ ಇರಬಹುದೆಂದು 1961ರಲ್ಲಿ ಮೊದಲು ಬರೆದವರಲ್ಲಿ ಒಬ್ಬರು ಬಿಹಾರದಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್. ಇರಾನಿನ ಶಿರಾಜ್ ಕಡೆ ಹುದುಗಿಸದ ರೊಟ್ಟಿಯನ್ನೇ ತಿಂದು ಬೆಳವಣಿಗೆ ನಿಂತುಹೋದ ಯುವಕರನ್ನು ನೋಡಿ ಅವರಿಗೆ ಈ ಅನುಮಾನ ಬಂದದ್ದು. ಅವರೇ ಮುಂದೆ ಅಮೆರಿಕದಲ್ಲಿ ಐವತ್ತು ಮಂದಿ ಹಿರಿಯರ ಮೇಲೆ ಒಂದು ವರ್ಷ ಪ್ರಯೋಗ ನಡೆಸಿದಾಗ ಸತು ತೆಗೆದುಕೊಂಡವರಲ್ಲಿ ಸೋಂಕು ಕಡಿಮೆ ಕಂಡಿತು. ಐವತ್ತು ಎಂಬುದು ಸಣ್ಣ ಸಂಖ್ಯೆ ಎಂಬುದನ್ನು ಮರೆಯಬಾರದು.

ಅಕ್ಕನ ವಿಷಯದಲ್ಲಿ ಎಲ್ಲವೂ ಸತುವಿನಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ, ಆ ವೈದ್ಯರೂ ಹೇಳಲಿಲ್ಲ. ರಕ್ತದಲ್ಲಿ ಸತು ಕಡಿಮೆ ಬಂದಿತ್ತು ನಿಜ. ಆದರೆ ಮಾಯದ ಗಾಯ, ಸೋಂಕು ಇದ್ದರೂ ಆ ಅಂಕಿ ಇಳಿಯುತ್ತದೆ, ಅದೊಂದನ್ನೇ ನೆಚ್ಚಬೇಡಿ ಎಂದರು. ಬಿ12 ಸಹ ಕಡಿಮೆಯಿತ್ತು, ಅದಕ್ಕೆ ಚುಚ್ಚುಮದ್ದು ಕೊಟ್ಟರು. ಮೂರು ವರ್ಷದಿಂದ ದಿನವೂ ಬೆಳಿಗ್ಗೆ ನುಂಗುತ್ತಿದ್ದ ಗ್ಯಾಸ್ ಮಾತ್ರೆಯನ್ನು ನಿಲ್ಲಿಸಿದರು. ಮೂತ್ರದ ಮೂಲಕ ಸತು ಹೆಚ್ಚಾಗಿ ಹೋಗುವಂತೆ ಮಾಡುವ ಬಿ.ಪಿ. ಮಾತ್ರೆಯನ್ನು ಬದಲಿಸಿದರು. ಅಂಗಡಿಯ ಜಿಂಕ್ ಮಾತ್ರೆಯನ್ನು ನೋಡಿ ನನ್ನನ್ನು ಗದರಿದರು: ದಿನಕ್ಕೆ 40 ಮಿಲಿಗ್ರಾಂ ದಾಟಿ ತಿಂಗಳುಗಟ್ಟಲೆ ತಿಂದರೆ ದೇಹದ ತಾಮ್ರ ಕುಸಿದು ರಕ್ತಹೀನತೆ, ನರದ ತೊಂದರೆ ಬರಬಹುದು. 20 ಮಿಲಿಗ್ರಾಂನಂತೆ ಎರಡು ತಿಂಗಳಿಗೆ ಮಾತ್ರ ಬರೆದರು. ಹಲ್ಲಿನ ಸೆಟ್ ಕಟ್ಟಿಸಲು ಹೇಳಿದರು.

ಮನಸ್ಸಿನ ಮಾತಿಗೆ ಬಂದರೆ, ಖಿನ್ನತೆ ಇರುವವರ ರಕ್ತದಲ್ಲಿ ಸತು ಕಡಿಮೆ ಇರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಸತು ಕಡಿಮೆಯಾಗಿ ಮನಸ್ಸು ಕುಗ್ಗಿತೋ, ಮನಸ್ಸು ಕುಗ್ಗಿ ಊಟ ಬಿಟ್ಟಿದ್ದರಿಂದ ಸತು ಇಳಿಯಿತೋ? ಅಕ್ಕನಲ್ಲಿ ಯಾವುದು ಮೊದಲು ಎಂದು ಯಾರೂ ಬಿಡಿಸಿ ಹೇಳಲಾರರು. ಈಗ ನಮ್ಮ ಜೊತೆಯೇ ಇದ್ದಾಳೆ. ನಾಲ್ವರ ಪಂಕ್ತಿಯಲ್ಲಿ ಕೂತು ಉಣ್ಣುತ್ತಾಳೆ. ಶೇಂಗಾ, ಎಳ್ಳು ಹುರಿದು ನುಣ್ಣಗೆ ಪುಡಿ ಮಾಡಿ ಅನ್ನಕ್ಕೆ ಕಲಸುತ್ತೇವೆ, ಮೊಳಕೆ ಕಾಳನ್ನು ಬೇಯಿಸಿ ಮಸೆಯುತ್ತೇವೆ. ಗಾಯ ಸಂಕ್ರಾಂತಿಯ ಹೊತ್ತಿಗೆ ಮಾಯಿತು. ಭಜನೆಗೆ ಇನ್ನೂ ಹೋಗುವುದಿಲ್ಲ, ಆದರೆ ಮೊಮ್ಮಕ್ಕಳನ್ನು ಗದರುವ ದನಿ ಮರಳಿ ಬಂದಿದೆ.

ನಮ್ಮ ಜಿಲ್ಲೆಯ ಆರೋಗ್ಯ ಅಧಿಕಾರಿಗಳಲ್ಲಿ, ಜನಪ್ರತಿನಿಧಿಗಳಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಎಲ್ಲ ಮುದುಕರಿಗೂ ಜಿಂಕ್ ಮಾತ್ರೆ ಹಂಚಿ ಎಂದು ಕೇಳುತ್ತಿಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಒಂಟಿಯಾಗಿರುವ ಹಿರಿಯರ ಪಡಿತರದಲ್ಲಿ ಅಕ್ಕಿಯ ಜೊತೆ ಬೇಳೆ, ಶೇಂಗಾ ಸೇರಿಸಿ. ತಿಂಗಳಿಗೆ 1,200 ರೂಪಾಯಿ ಪಿಂಚಣಿಯಲ್ಲಿ ಅವರು ಕೊಳ್ಳಲಾರರು. ಮನೆಗೆ ಬರುವ ಆಶಾ ಕಾರ್ಯಕರ್ತೆಯರು ಬಿ.ಪಿ., ಶುಗರ್ ಜೊತೆ ಮೂರು ಪ್ರಶ್ನೆ ಕೇಳಲಿ: ನಿನ್ನೆ ಏನು ಉಂಡಿರಿ, ಅಗಿಯಲು ಆಗುತ್ತದೆಯೇ, ಬಾಯಿಗೆ ರುಚಿ ಇದೆಯೇ. ಅಂಗನವಾಡಿಯಲ್ಲಿ ಮಗುವನ್ನು ತಿಂಗಳು ತಿಂಗಳು ತೂಗುವ ನಾವು ಹಿರಿಯರನ್ನು ಏಕೆ ತೂಗುವುದಿಲ್ಲ? ಅಕ್ಕ ಒಂದು ವರ್ಷದಲ್ಲಿ ಆರು ಕೆ.ಜಿ. ಇಳಿದಿದ್ದಳು. ಆ ವರ್ಷ ಅವಳ ಊರಿನಲ್ಲಿ ಎರಡು ಆರೋಗ್ಯ ಶಿಬಿರ ನಡೆದಿದ್ದವು, ಎರಡಕ್ಕೂ ಅವಳು ಹೋಗಿದ್ದಳು. ಎರಡರಲ್ಲೂ ತೂಕದ ಯಂತ್ರ ಇರಲಿಲ್ಲ.

ನಮ್ಮ ಬಡಾವಣೆಯಲ್ಲಿ ಮುಂದಿನ ಶಿಬಿರ ನಡೆಯುವಾಗ ಯಂತ್ರ ಇಲ್ಲವೆಂದಾದರೆ ನನ್ನ ಮನೆಯದನ್ನೇ ಹೊತ್ತು ತರುತ್ತೇನೆ, ಹೆಸರು, ತೂಕ ಬರೆದುಕೊಳ್ಳಲು ದಿನವಿಡೀ ಕೂರುತ್ತೇನೆ. ಹಿಂದಿನ ದಿನ ಹೇಳಿಕಳುಹಿಸಿದರೆ ಸಾಕು.

– ನಿವೃತ್ತ ಕೃಷಿ ಸಹಾಯಕ, ವಿನೋಬನಗರ, ದಾವಣಗೆರೆ