ಕೋರ್ಟ್ ಸೀನ್ ಬರೆಯುವ ಮುಂಚೆ

ಹಾಸನ

ಚಿ. ಮೇಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ.

ನಿನಗೆ ಸೀರಿಯಲ್‌ಗೆ ಸಂಭಾಷಣೆ ಬರೆಯುವ ಕೆಲಸ ಸಿಕ್ಕಿದೆ ಅಂತ ನಿಮ್ಮಪ್ಪ ಫೋನ್ ಮಾಡಿ ಹೇಳಿದ. ಅವನಿಗೆ ಇನ್ನೂ ಅಷ್ಟು ಸಮಾಧಾನವಿಲ್ಲ, ನನಗಂತೂ ಖುಷಿಯಾಯಿತು. ಮುಂದಿನ ತಿಂಗಳು ನಿಮ್ಮ ಕಥೆ ಕೋರ್ಟ್ ಮೆಟ್ಟಿಲು ಹತ್ತುತ್ತಂತೆ. ಹಾಗಾದರೆ ನನ್ನ ಕೈಗೆ ಸಿಕ್ಕಿಬಿದ್ದೆ. ಕೋರ್ಟ್ ಆಫೀಸಿನ ಮುಖ್ಯ ಗುಮಾಸ್ತ, ಅಂದರೆ ಶಿರಸ್ತೇದಾರ್ ಆಗಿ ರಿಟೈರ್ ಆದವನು ನಾನು. ರಾತ್ರಿ ಟಿವಿ ಮುಂದೆ ಕೂತು ಗೊಣಗುವುದನ್ನು ಈ ಸಲ ಕಾಗದದಲ್ಲಿ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ಸಣ್ಣಪುಟ್ಟದ್ದು ಮೊದಲು ಮುಗಿಸುತ್ತೇನೆ. ನಮ್ಮ ಜಡ್ಜ್‌ಗಳ ಮೇಜಿನ ಮೇಲೆ ಸುತ್ತಿಗೆ ಇರುವುದಿಲ್ಲ. ಸಾಕ್ಷಿಯ ಕೈಗೆ ಭಗವದ್ಗೀತೆ ಕೊಡುವುದಿಲ್ಲ. 1969ರ ಪ್ರಮಾಣ ಕಾಯ್ದೆಯ ಪ್ರಕಾರ ದೇವರ ಹೆಸರಲ್ಲಿ ಪ್ರಮಾಣ ಮಾಡಬಹುದು, ಅದು ಬೇಡ ಅನ್ನುವವರು ಸತ್ಯನಿಷ್ಠೆಯಿಂದ ಹೇಳುತ್ತೇನೆ ಅಂದರೂ ಆಯಿತು. ಆದರೆ ಸುತ್ತಿಗೆ ತೋರಿಸಿದರೆ ಯಾರ ಮನೆಯೂ ಹಾಳಾಗುವುದಿಲ್ಲ. ಅದಕ್ಕೆಲ್ಲ ಡೈರೆಕ್ಟರ್ ಹತ್ತಿರ ಜಗಳ ಆಡಬೇಡ.

ಜಗಳ ಆಡುವುದಾದರೆ ಡಿವೋರ್ಸ್ ಪೇಪರ್‌ಗೆ ಆಡು. ಗಂಡ ಒಂದು ಫೈಲ್ ತಂದು ಟೀಪಾಯಿ ಮೇಲೆ ಎಸೆಯುತ್ತಾನೆ, ನಾಯಕಿ ಅಳುತ್ತಾ ಸಹಿ ಹಾಕುತ್ತಾಳೆ, ಹಿಂದೆ ಪಿಟೀಲು. ಮರುದಿನ ಅವರಿಬ್ಬರೂ ಗಂಡ ಹೆಂಡತಿ ಅಲ್ಲ! ನನ್ನ ಸರ್ವಿಸ್‌ನಲ್ಲಿ ಒಬ್ಬ ಹೆಣ್ಣುಮಗಳು ಪ್ಲಾಸ್ಟಿಕ್ ಕವರ್ ಹಿಡಿದು ನಮ್ಮ ಆಫೀಸಿಗೆ ಬಂದಿದ್ದಳು. ಒಳಗೊಂದು ಛಾಪಾ ಕಾಗದ. ಇಬ್ಬರ ಸಹಿ, ಊರಿನ ಹಿರಿಯರ ಸಹಿ, ಕೆಳಗೆ ನೋಟರಿ ಸೀಲು. "ನಂಗೆ ಡಿವೋರ್ಸ್ ಆಗಿದೆ ಸಾರ್, ಕೋರ್ಟ್ ಕಾಪಿ ಬೇಕಿತ್ತು" ಅಂದಳು. ಕೇಸ್ ನಂಬರ್ ಕೇಳಿದೆ. "ಕೇಸ್ ಯಾಕೆ ಸಾರ್, ಇಬ್ರೂ ಸೈನ್ ಹಾಕಿದೀವಲ್ಲ?" ಅಷ್ಟರಲ್ಲಿ ಗಂಡ ಇನ್ನೊಂದು ಮದುವೆ ಮಾಡಿಕೊಂಡು ಮಗುವೂ ಆಗಿತ್ತು. ಕಾನೂನಿನ ಲೆಕ್ಕದಲ್ಲಿ ಇವಳೇ ಹೆಂಡತಿ. ಅದನ್ನು ಹೇಳಿದಾಗ ಅವಳಿಗೆ ಖುಷಿ ಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಕಾಗದವನ್ನು ಮಡಿಚಿ ಮಡಿಚಿ ಅಂಗೈಯಷ್ಟು ಮಾಡಿದಳು.

ಸೀರಿಯಲ್ ನೋಡಿಯೇ ಅವಳು ಹಾಗೆ ನಂಬಿದಳು ಅಂತ ನಾನು ಹೇಳುವುದಿಲ್ಲ. ಆದರೆ ದಿನಾ ರಾತ್ರಿ ಅದನ್ನೇ ತೋರಿಸಿದರೆ ಯಾರು ತಾನೇ ಅನುಮಾನ ಪಡುತ್ತಾರೆ? ಒಪ್ಪಿಗೆಯ ವಿಚ್ಛೇದನ ಅನ್ನುವುದು ಹಿಂದೂ ವಿವಾಹ ಕಾಯ್ದೆಗೆ ಬಂದದ್ದೇ 1976ರಲ್ಲಿ, 13ಬಿ ಕಲಂ ಆಗಿ. ಒಂದು ವರ್ಷ ಬೇರೆ ಇದ್ದಿರಬೇಕು. ಇಬ್ಬರೂ ಸೇರಿ ಅರ್ಜಿ ಹಾಕಬೇಕು. ಆಮೇಲೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ತಕ್ಕ ಕಾರಣವಿದ್ದರೆ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೆಲವು ಸಮುದಾಯಗಳ ರೂಢಿಯ ವಿಚ್ಛೇದನವನ್ನೂ ಕಾಯ್ದೆ ಒಪ್ಪುತ್ತದೆ, ಆದರೆ ಆ ರೂಢಿ ಉಂಟು ಅಂತ ಸಾಬೀತು ಮಾಡಬೇಕು. ನೋಡು, ಈ ಆರು ತಿಂಗಳಲ್ಲೇ ನಿನಗೆ ಎಷ್ಟು ಎಪಿಸೋಡ್ ಇದೆ! ಒಪ್ಪಿಗೆ ಕೊಟ್ಟವರು ಮಧ್ಯದಲ್ಲಿ ಮನಸ್ಸು ಬದಲಾಯಿಸಬಹುದು. ಒಬ್ಬರು ಬರುತ್ತಾರೆ, ಇನ್ನೊಬ್ಬರು ಬರುವುದೇ ಇಲ್ಲ.

ಇನ್ನು ಕಟಕಟೆ. ನಿಮ್ಮ ವಕೀಲರು ಹಾಲ್ ತುಂಬ ಓಡಾಡಿ, ಬೆರಳು ತೋರಿಸಿ, ಎರಡು ಪುಟ ಭಾಷಣ ಬಿಗಿಯುತ್ತಾರೆ. ನಿಜವಾದ ಪಾಟಿ ಸವಾಲು, ಅಂದರೆ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು, ಹಾಗಿರುವುದಿಲ್ಲ. ವಕೀಲರು ನಿಂತಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ. ಸಾಕ್ಷಿ ಉತ್ತರ ಕೊಡುತ್ತಾನೆ. ಜಡ್ಜ್ ಅದನ್ನು ಸ್ಟೆನೋಗೆ ಹೇಳಿ ಬರೆಸುತ್ತಾರೆ. ಅಷ್ಟು ಹೊತ್ತೂ ಎಲ್ಲರೂ ಸುಮ್ನೆ ನಿಂತಿರುತ್ತಾರೆ. "ನೀನು ಸುಳ್ಳು ಹೇಳ್ತಿದೀಯ" ಅಂತ ವಕೀಲರು ಕೇಳಿದ್ದು ಕಾಗದದ ಮೇಲೆ "ನಾನು ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ" ಅಂತ ಆಗುತ್ತದೆ. ಕೊನೆಗೆ ಓದಿ ಹೇಳಿ ಸಹಿ ತೆಗೆದುಕೊಳ್ಳುತ್ತಾರೆ. ಸಪ್ಪೆ ಅನ್ಸುತ್ತೆ ಅಲ್ವಾ? ಆದರೆ ಕೊಲೆಯನ್ನು ಕಣ್ಣಾರೆ ಕಂಡವನು ಕೋರ್ಟಿಗೆ ಬಂದು, ಹಿಂದಿನ ಬೆಂಚಿನಲ್ಲಿ ಕೂತ ಯಾರನ್ನೋ ಒಂದು ಸಲ ನೋಡಿ, "ನಂಗೇನೂ ಗೊತ್ತಿಲ್ಲ ಸ್ವಾಮಿ" ಅಂದುಬಿಡುವ ಗಳಿಗೆ ಇದೆಯಲ್ಲ, ಅದಕ್ಕೆ ಕಿರುಚಾಟವೇ ಬೇಡ. ಆ ಮಾತನ್ನೂ ಜಡ್ಜ್ ಅದೇ ದನಿಯಲ್ಲಿ ಬರೆಸುತ್ತಾರೆ. ಸತ್ತವನ ತಾಯಿ ಅಲ್ಲೇ ನಿಂತಿರುತ್ತಾಳೆ.

ಪೊಲೀಸರ ಸೀನ್ ಬಗ್ಗೆ ಎರಡೇ ಮಾತು. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಅರೆಸ್ಟ್ ಮಾಡುವ ಹಾಗಿಲ್ಲ. ವಿಶೇಷ ಸಂದರ್ಭ ಅಂದರೂ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ಕರೆದೊಯ್ಯಲು ಮಹಿಳಾ ಅಧಿಕಾರಿಯೇ ಬರಬೇಕು. ನಿಮ್ಮ ನಾಯಕಿಯರನ್ನು ಮಾತ್ರ ನಡುರಾತ್ರಿ ಮಳೆಯಲ್ಲೇ ಎಳೆದುಕೊಂಡು ಹೋಗುತ್ತಾರೆ! ಮತ್ತೆ, ಈಗ ಕೊಲೆಗೆ ಹಳೇ ಐಪಿಸಿಯ 302ನೇ ಕಲಂ ಅನ್ನಬೇಡ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಹೊಸ ಕೇಸಿಗೆ 103.

ನಿಮಗೆ ಟಿಆರ್‌ಪಿ ತಲೆನೋವು ಜಾಸ್ತಿ ಇರುತ್ತೆ, ಗೊತ್ತು. ವಾಯಿದೆ ಮೇಲೆ ವಾಯಿದೆ ತೋರಿಸುತ್ತಾ ಕೂತರೆ ಯಾರೂ ನೋಡುವುದಿಲ್ಲ. ಅದನ್ನೆಲ್ಲ ಹಾರಿಸಿಬಿಡು, ತಪ್ಪೇನಿಲ್ಲ. ಆದರೆ ಬರೆಯುವ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ಬೆಂಗಳೂರಿನ ಮೇಯೋ ಹಾಲ್ ಕೋರ್ಟಿಗೆ ಹೋಗು. ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಹಿಂದಿನ ಬೆಂಚಿನಲ್ಲಿ ಕೂತ್ಕೋ, ಮೊಬೈಲ್ ಆಫ್ ಮಾಡು. ತೆರೆದ ಕೋರ್ಟು, ಯಾರೂ ಏಳು ಅನ್ನುವುದಿಲ್ಲ. ಕೋರ್ಟಿನ ಜವಾನ, ಅಂದರೆ ದಲಾಯತ್, ಹೆಸರು ಕೂಗುವುದನ್ನು ಕೇಳು, ಹೆಸರು ಕೇಳಿ ಎದ್ದು ಬರುವವರ ಮುಖ ನೋಡು.

ಸೀನ್ ಬರೆದಾದ ಮೇಲೆ ನನಗೆ ವಾಟ್ಸಾಪ್ ಮಾಡು, ತಿದ್ದಿ ಕಳಿಸುತ್ತೇನೆ. ಕಲಂ ನಂಬರುಗಳಷ್ಟೇ ತಿದ್ದುತ್ತೇನೆ, ಡೈಲಾಗ್ ಮುಟ್ಟುವುದಿಲ್ಲ. ನಿಮ್ಮ ದೊಡ್ಡಮ್ಮ ಇದನ್ನು ನಂಬುತ್ತಿಲ್ಲ. ನಾಯಕಿಗೆ ಡಿವೋರ್ಸ್ ಮಾತ್ರ ಕೊಡಿಸಬೇಡ ಅಂತ ಬೇರೆ ಹೇಳಿಕಳಿಸಿದ್ದಾಳೆ.

ಇಂತಿ,
ನಿನ್ನ ದೊಡ್ಡಪ್ಪ